ಕೊಲಂಬಸ್ ಹೆಸರಿನಲ್ಲಿ ರಜೆ ಬೇಕೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಅಕ್ಟೋಬರ್ ಎರಡನೇ ಸೋಮವಾರಕ್ಕೆ ಮೊಮ್ಮಗನ ಶಾಲೆಯ ಕ್ಯಾಲೆಂಡರಿನಲ್ಲಿ ‘ಮೂಲನಿವಾಸಿಗಳ ದಿನ’ ಎಂದಿದೆ, ಅಂಚೆ ಕಚೇರಿಯಲ್ಲಿ ‘ಕೊಲಂಬಸ್ ಡೇ’ ಎಂದಿದೆ. ಯಾವುದು ಸರಿ? 500 ವರ್ಷದ ಹಿಂದಿನವನನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ?

ಉತ್ತರ: ಎರಡೂ ಸರಿ. ಕೇಂದ್ರ ಸರ್ಕಾರದ ರಜೆಗಳು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮಾಡಿದ ಕಾನೂನಿನಲ್ಲಿವೆ. ಅಲ್ಲಿ ಹೆಸರು ‘ಕೊಲಂಬಸ್ ಡೇ’. ಸೋಮವಾರಕ್ಕೆ ಬಂದದ್ದು 1971ರಿಂದ. ರಾಜ್ಯಗಳಾಗಲಿ ಶಾಲೆಗಳಾಗಲಿ ಆ ಪಟ್ಟಿಯನ್ನೇ ಪಾಲಿಸಬೇಕೆಂದಿಲ್ಲ. ಸೌತ್ ಡಕೋಟ ರಾಜ್ಯ 1990ರಲ್ಲಿ, ಬರ್ಕ್ಲಿ ನಗರ 1992ರಲ್ಲಿ ಈ ದಿನವನ್ನು ಮೂಲನಿವಾಸಿಗಳಿಗೆ ಕೊಟ್ಟವು. 2021ರಲ್ಲಿ ಅಧ್ಯಕ್ಷ ಬೈಡನ್ ಮೂಲನಿವಾಸಿಗಳ ದಿನವನ್ನು ಘೋಷಿಸಿದರೂ ಕೇಂದ್ರದ ರಜೆಯ ಹೆಸರು ಬದಲಾಗಲಿಲ್ಲ, ಏಕೆಂದರೆ ಘೋಷಣೆಯಿಂದ ಕಾನೂನನ್ನು ತಿದ್ದಲಾಗದು.

ಇನ್ನು ಅಳತೆಗೋಲಿನ ಮಾತು. ಅಂದಿನದನ್ನೇ ಹಿಡಿಯೋಣ. 1495ರ ಸುಮಾರಿಗೆ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ ಕೊಲಂಬಸ್ ಒಂದು ಕಪ್ಪ ಹೇರಿದ. ಚಿನ್ನ ಸಿಗುವ ಸೀಬಾವೊ ಸೀಮೆಯಲ್ಲಿ 14 ವರ್ಷ ದಾಟಿದ ಪ್ರತಿ ಟೈನೊ (ಆ ದ್ವೀಪದ ಮೂಲನಿವಾಸಿ) ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ತರಬೇಕು. ಬೇಟೆಯ ಗಿಡುಗದ ಕಾಲಿಗೆ ಕಟ್ಟುವಂಥ ಗೆಜ್ಜೆ. ಉಳಿದ ಕಡೆಯವರು ತಲಾ 11 ಕಿಲೋದಷ್ಟು ಹತ್ತಿ ಕೊಡಬೇಕು. ಕೊಟ್ಟವರ ಕೊರಳಿಗೆ ಗುರುತಿನ ಬಿಲ್ಲೆ, ಬಿಲ್ಲೆ ಇಲ್ಲದವರಿಗೆ ಶಿಕ್ಷೆ. ಹೊಳೆಯ ಮರಳಿನಲ್ಲಿ ಅಷ್ಟು ಚಿನ್ನ ಇರಲೇ ಇಲ್ಲ. ಈ ಕಪ್ಪದ ವಿವರ ಬರೆದಿಟ್ಟವನು ಕೊಲಂಬಸನ ವೈರಿಯಲ್ಲ, ಸ್ವಂತ ಮಗ ಫರ್ನಾಂಡೊ. ಅದೇ ವರ್ಷ ಸುಮಾರು 500 ಜನರನ್ನು ಗುಲಾಮರಾಗಿ ಮಾರಲು ಸ್ಪೇನಿಗೆ ಸಾಗಿಸಲಾಯಿತು. ಸುಮಾರು 200 ಮಂದಿ ದಾರಿಯಲ್ಲೇ ಸತ್ತರು. 1500ರಲ್ಲಿ ಸ್ಪೇನಿನ ರಾಜದಂಪತಿ ಕಳಿಸಿದ ಬೊಬಾಡಿಯ ಎಂಬ ಅಧಿಕಾರಿ ಅವನ ಮೇಲಿನ ದೂರುಗಳನ್ನು ವಿಚಾರಿಸಿ ಕೊಲಂಬಸನಿಗೇ ಬೇಡಿ ಹಾಕಿಸಿ ಸ್ಪೇನಿಗೆ ಅಟ್ಟಿದ. ಅವನ ಆಡಳಿತ ಅವನ ಕಾಲದವರಿಗೇ ಸಹ್ಯವಾಗಿರಲಿಲ್ಲ.

ಹಾಗಾಗಿ ನಮ್ಮ ಅಭಿಪ್ರಾಯ: ಪಾಠದಲ್ಲಿ ಕೊಲಂಬಸ್ ಇರಲೇಬೇಕು, ರಜೆಯ ಹೆಸರಿನಲ್ಲಿ ಬೇಡ. ರಜೆ ಎಂದರೆ ಗೌರವ.

ಆದರೆ ಹೆಸರು ಅಳಿಸುವ ಅವಸರದಲ್ಲಿ ಒಂದು ನೋವು ಮರೆತುಹೋಗುತ್ತದೆ. ಕೊಲಂಬಸ್ ಹುಟ್ಟಿದ್ದು ಇಟಲಿಯಲ್ಲಿ, ಅಮೆರಿಕಕ್ಕೆ ವಲಸೆ ಬಂದ ಇಟಾಲಿಯನ್ನರಿಗೆ ಅವನು ತಮ್ಮವನು. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ 11 ಇಟಾಲಿಯನ್ನರನ್ನು ಕೊಂದಿತು. ಮರುವರ್ಷ ಅಧ್ಯಕ್ಷ ಹ್ಯಾರಿಸನ್ ಕೊಲಂಬಸ್ ಆಗಮನದ 400ನೇ ವರ್ಷಾಚರಣೆ ಘೋಷಿಸಿದಾಗ, ಈ ನೆಲ ತಮ್ಮದೂ ಹೌದು ಎಂದು ಹೇಳಿಕೊಳ್ಳಲು ಆ ವಲಸಿಗರಿಗೆ ಒಂದು ಆಸರೆ ಸಿಕ್ಕಿತು. ಅವರನ್ನು ಕೂರಿಸಿ ಮಾತಾಡದೆ ಹೆಸರು ಬದಲಿಸಿದ ಊರುಗಳಲ್ಲಿ ಜಗಳ ಎಳೆಯುತ್ತಲೇ ಇರುತ್ತದೆ. ಇಟಾಲಿಯನ್ ಪರಂಪರೆಗೆ ಬೇರೊಂದು ದಿನ ಕೊಡುವುದು ಒಳ್ಳೆಯ ದಾರಿ. ನಗರದ ನಿಯಮದ ಜೊತೆಗೆ ಶಾಲಾ ಕ್ಯಾಲೆಂಡರ್, ನೌಕರರ ಒಪ್ಪಂದಗಳನ್ನೂ ಒಟ್ಟಿಗೇ ತಿದ್ದಬೇಕು. ಒಂದು ಉಳಿದರೂ ನಿಮಗಾದ ಗೊಂದಲವೇ ಎಲ್ಲರಿಗೂ.

ಹೆಸರು ಬದಲಾಗಿ ಪಾಠ ಬದಲಾಗದಿದ್ದರೆ ಏನೂ ಆದಂತಾಗಲಿಲ್ಲ. ಶಾಲೆ ಇರುವ ನೆಲ ಮೊದಲು ಯಾವ ಬುಡಕಟ್ಟಿನದು, ಅವರೀಗ ಎಲ್ಲಿದ್ದಾರೆ ಎಂದು ಮೊಮ್ಮಗನನ್ನು ಕೇಳಿ ನೋಡಿ.