ಹನ್ನೆರಡು ಮನೆಗೆ ಒಂದೇ ಬಾವಿ: ಆರ್‌ಒ, ಬೋರ್‌ವೆಲ್‌ಗಿಂತ ಮೊದಲು ಮಾಡಬೇಕಾದ ಕೆಲಸ

ಹಿರಿಯಡ್ಕ ಕಡೆಯ ಚಿಕ್ಕ ಲೇಔಟ್, ಹನ್ನೆರಡು ಮನೆಗೆ ಒಂದೇ ತೆರೆದ ಬಾವಿ ಅಂತ ಬರೆದಿದ್ದೀರಿ. ಮಳೆ ಶುರುವಾದರೆ ನೀರು ಕೆಂಪಾಗುತ್ತದೆ, ಕಳೆದ ವರ್ಷ ಇಬ್ಬರಿಗೆ ಕಾಮಾಲೆ ಬಂತು, ಏಪ್ರಿಲ್ ಕೊನೆಗೆ ಬಾವಿಯ ತಳ ಕಾಣುತ್ತದೆ. ಎಲ್ಲ ಮನೆಗೂ ಆರ್‌ಒ ಹಾಕಿಸಿ, ಒಂದು ಬೋರ್‌ವೆಲ್ ಕೊರೆಸಿದರೆ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ.

ದಯವಿಟ್ಟು ಎರಡನ್ನೂ ಸದ್ಯಕ್ಕೆ ನಿಲ್ಲಿಸಿ. ನಾವೂ ಉಡುಪಿ ಹತ್ತಿರ ಕೆಲವು ಮನೆಯವರು ಸೇರಿ ಒಂದೇ ಬಾವಿಯ ನೀರು ಕುಡಿಯುವವರು. ನನಗೆ ಕಂಡಂತೆ ನಿಮ್ಮ ಎರಡೂ ತೊಂದರೆಗೆ ಮೂಲ ಒಂದೇ: ಕಾಲ ಕೆಳಗಿರುವ ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಕಲ್ಲು (ಲ್ಯಾಟರೈಟ್). ಅದರ ತುಂಬ ತೂತು, ಬಿರುಕು. ಮಳೆನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಬಸಿದು ತೋಡು (ಚಿಕ್ಕ ಹಳ್ಳ) ಸೇರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಟ್ಯಾಂಕರ್ ಕಾಯುವುದು ಇದಕ್ಕೇ. 2019ರ ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನಲ್ಲೇ ನೀರು ತಳ ಕಂಡು, ಉಡುಪಿ ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟದ್ದು ನೆನಪಿರಬಹುದು. ಮಳೆನೀರು ಇಳಿಯುವ ಅದೇ ಬಿರುಕಿನಲ್ಲಿ ಟಾಯ್ಲೆಟ್ ಗುಂಡಿಯ ನೀರೂ ಇಳಿಯುತ್ತದೆ. ಒಳ್ಳೆಯ ಮಣ್ಣಿದ್ದರೆ ಅದು ಸ್ವಲ್ಪವಾದರೂ ಸೋಸುತ್ತದೆ. ಬಿರುಕು ಏನನ್ನೂ ಸೋಸುವುದಿಲ್ಲ.

ಹಾಗಾಗಿ ಮೊದಲು ಒಂದು ಟೇಪ್ ಹಿಡಿದು ಹೊರಡಿ. ಬಾವಿಯಿಂದ ಪ್ರತಿ ಗುಂಡಿಗೆ ಎಷ್ಟು ದೂರ ಅಂತ ಅಳೆಯಿರಿ. ಕನಿಷ್ಠ 50 ಅಡಿ ಇರಬೇಕು ಅನ್ನುತ್ತಾರೆ. ಮುರಕಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅದರಲ್ಲೂ ಗುಂಡಿ ಬಾವಿಗಿಂತ ಎತ್ತರದಲ್ಲಿದ್ದರೆ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೂ ಒಂದು ಬದಿ 47 ಅಡಿ ದಾಟುವುದಿಲ್ಲ. ಅಂದರೆ ನಿಮ್ಮ ಅಂಗಳದೊಳಗೇ ಇದನ್ನು ಸರಿಮಾಡಲು ಆಗುವುದಿಲ್ಲ, ಎಲ್ಲರೂ ಒಟ್ಟಿಗೆ ಕೂತು ಮಾತಾಡಲೇಬೇಕು. ಕಾಮಾಲೆ ಬಂದ ಮನೆಯವರ ಮೇಲೆ ಬೆರಳು ತೋರಿಸಬೇಡಿ. ಅವರೇ ನೊಂದಿರುತ್ತಾರೆ. ಹತ್ತಿರದಲ್ಲಿರುವ ಗುಂಡಿ ಯಾರದ್ದೇ ಆಗಿರಲಿ, ತಳಕ್ಕೂ ಗೋಡೆಗೂ ಕಾಂಕ್ರೀಟ್ ಹಾಕಿ ಸೋರದ ಟ್ಯಾಂಕ್ ಮಾಡಿಸಿ. ಅದರಿಂದ ಹೊರಬರುವ ನೀರನ್ನು ಪೈಪಿನಲ್ಲಿ ಬಾವಿಯಿಂದ ದೂರ, ತಗ್ಗಿನ ಕಡೆಗೆ ಒಯ್ಯಿರಿ. ಖರ್ಚನ್ನು ಹನ್ನೆರಡು ಮನೆಯವರೂ ಹಂಚಿಕೊಳ್ಳಿ. ಕುಡಿಯುವುದು ಎಲ್ಲರೂ ಅಲ್ವಾ?

ನೀರಿನ ಪರೀಕ್ಷೆ ಮಾಡಿಸಿ. ಎಲ್ಲರೂ ಮಾರ್ಚ್‌ನಲ್ಲಿ ನೀರು ತಿಳಿಯಾಗಿದ್ದಾಗ ಮಾಡಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ನೀವು ಜೂನ್‌ನಲ್ಲಿ, ಮೊದಲ ಜೋರು ಮಳೆ ಆದ ಮೇಲೆ ಮಾಡಿಸಿ. ಜಲ ಜೀವನ್ ಮಿಷನ್ ಬಂದ ಮೇಲೆ ಪಂಚಾಯತಿಗಳಿಗೆ ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಂಗಸರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಹೋಗಿ ಕೇಳಿ. ಕಿಟ್‌ನಲ್ಲಿ ಬರುವ, ಔಷಧಿ ಹಾಕಿದ ಚಿಕ್ಕ ಬಾಟಲಿಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕು ಇದೆ ಅಂತ ತಿಳಿಯಿರಿ. ಲ್ಯಾಬಿಗೆ ಕೊಟ್ಟರೆ ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಮತ್ತು ನೈಟ್ರೇಟ್ ಎರಡನ್ನೂ ನೋಡಿಸಿ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು.

ಆರ್‌ಒ ಯಾಕೆ ಬೇಡ ಅಂದರೆ, ಅದು ಮುಖ್ಯವಾಗಿ ಉಪ್ಪು ತೆಗೆಯುವ ಯಂತ್ರ. ಮಲ್ಪೆ, ಕೋಡಿಬೆಂಗ್ರೆಯಂಥ ಸಮುದ್ರದ ಬದಿಯಲ್ಲಿ ಬಾವಿಗೆ ಉಪ್ಪು ಬಂದರೆ ಆ ಮಾತು ಬೇರೆ. ನಿಮ್ಮ ಕಡೆಯ ಮುರಕಲ್ಲಿನ ಬಾವಿಯಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಸಾಮಾನ್ಯವಾಗಿ ತೀರಾ ಕಡಿಮೆ. ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್‌ಒ ಅಗತ್ಯವೇ ಇಲ್ಲ. ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಚರಂಡಿಗೆ ಬಿಡುತ್ತದೆ, ಅದೂ ಬಾವಿ ಬತ್ತುವ ಏಪ್ರಿಲ್‌ನಲ್ಲಿ! ಗುಂಡಿ ಸರಿಯಾಗುವ ತನಕ ಕುಡಿಯುವ ನೀರನ್ನು ಕೊತಕೊತ ಕುದಿಸಿ. ಬರೀ ಕ್ಯಾಂಡಲ್ ಫಿಲ್ಟರ್ ನಂಬಬೇಡಿ, ಕಾಮಾಲೆಯ ವೈರಸ್ ಅದರಲ್ಲಿ ದಾಟಿ ಬರುತ್ತದೆ.

ಬ್ಲೀಚಿಂಗ್ ಪೌಡರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸುಮ್ನೆ ಒಂದು ಮುಷ್ಟಿ ಬಾವಿಗೆ ಎಸೆಯುವುದನ್ನು ತುಂಬ ಕಡೆ ನೋಡಿದ್ದೇನೆ. ಎರಡು ದಿನ ನಾತಕ್ಕೆ ನೀರು ಬಾಯಿಗಿಡಲು ಆಗುವುದಿಲ್ಲ, ಆಮೇಲೆ ಬ್ಲೀಚಿಂಗೇ ಬೇಡ ಅಂತ ಎಲ್ಲರೂ ಬಿಡುತ್ತಾರೆ. ಲೆಕ್ಕ ಸುಲಭ: 1,000 ಲೀಟರ್ ನೀರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 12,500 ಲೀಟರ್, ಅದಕ್ಕೆ 30 ಗ್ರಾಂ ಚಿಲ್ಲರೆ. ಪ್ಲಾಸ್ಟಿಕ್ ಬಕೆಟಿನಲ್ಲಿ ಪೌಡರಿಗೆ ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಕದಡಿ. ಹತ್ತು ನಿಮಿಷ ಬಿಟ್ಟರೆ ಬಿಳಿ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ. ಸುಣ್ಣ ಬಾವಿಗೆ ಬೇಡ. ಆ ಬಕೆಟನ್ನು ಹಗ್ಗ ಕಟ್ಟಿ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ರಾತ್ರಿ ಎಲ್ಲರ ಪಂಪು ನಿಂತ ಮೇಲೆ ಮಾಡಿದರೆ ಬೆಳಗ್ಗೆ ಧಾರಾಳವಾಗಿ ನೀರು ಎತ್ತಬಹುದು. ಹಳೆಯ, ಬಾಯಿ ತೆರೆದ ಪ್ಯಾಕೆಟಿನ ಪೌಡರಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಕೆಂಪು ನೀರಿನಲ್ಲಂತೂ ಕ್ಲೋರಿನ್ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬಾವಿಯ ಕಟ್ಟೆ ಎತ್ತರಿಸಿ, ಸುತ್ತಲೂ ಹೊರಕ್ಕೆ ಇಳಿಜಾರಾಗಿ ಸಿಮೆಂಟ್ ಹಾಕಿಸಿ, ಅಂಗಳದ ಕೆಸರು ನೀರು ಒಳಗೆ ಬರದ ಹಾಗೆ ಮಾಡಿ.

ಇನ್ನು ಬೇಸಿಗೆಯ ಮಾತು. 1,000 ಚದರಡಿ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು. ಮೊದಲ ಕೆಲವು ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದ್ದನ್ನು ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬಿಡಬಹುದು. ಆದರೆ ಜುಲೈನಲ್ಲಿ ನಿಮ್ಮ ಬಾವಿ ಹೇಗೂ ತುಂಬಿರುತ್ತದೆ. ಆಗ ಸುರಿದದ್ದು ಬಸಿದೇ ಹೋಗುತ್ತದೆ. ಬೇಕಾಗಿರುವುದು ಮಳೆ ನಿಂತ ಮೇಲೆ ನೆಲದಲ್ಲಿ ನೀರು ಉಳಿಯುವುದು. ಅದಕ್ಕೆ ನಮ್ಮ ಹಿರಿಯರ ಕಟ್ಟವೇ ಸರಿ. ನವೆಂಬರ್, ಡಿಸೆಂಬರ್‌ನಲ್ಲಿ ತೋಡಿನ ಹರಿವು ಇಳಿಯುತ್ತಿದ್ದಂತೆ ಕಲ್ಲು, ಮಣ್ಣು ಅಥವಾ ಮರಳಿನ ಚೀಲ ಇಟ್ಟು ಅಡ್ಡ ಕಟ್ಟುತ್ತಿದ್ದರು. ತೋಡಿನಲ್ಲಿ ನೀರು ನಿಂತರೆ ಆಚೀಚಿನ ಬಾವಿಗಳಲ್ಲೂ ಮಟ್ಟ ನಿಲ್ಲುತ್ತದೆ. ಹತ್ತಿರ ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಚಿಕ್ಕ ಅಣೆಕಟ್ಟು) ಇದ್ದರೆ ಹಲಗೆ ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ಪಂಚಾಯತಿಗೆ ಹೋಗಿ ಹಾಕಿಸಿ. ನೀರು ಹರಿದು ಹೋದ ಮೇಲೆ ಹಲಗೆ ಹಾಕಿ ಏನೂ ಪ್ರಯೋಜನವಿಲ್ಲ.

ಬೋರ್‌ವೆಲ್ ಯೋಚನೆ ಇದೆಲ್ಲ ಆದ ಮೇಲೆ. ಮುರಕಲ್ಲಿನ ಕೆಳಗೆ ಗಟ್ಟಿ ಬಂಡೆ, ಅದರ ಸೀಳಿನಲ್ಲಿ ನೀರು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ದುಡ್ಡು ಹೋಯಿತು. ಅದಕ್ಕೆ ಇಟ್ಟ ಹಣದಲ್ಲಿ ಬಾವಿಗೆ ಹತ್ತಿರದ ಗುಂಡಿಯನ್ನು ಈ ಮಳೆಗಾಲದ ಮೊದಲೇ ಸರಿಮಾಡಿಸಿ.