ಆರ್‌ನಲ್ಲಿ ಎನ್‌ಎ ಇರುವ ಕಡೆಯೆಲ್ಲ ಸೊನ್ನೆ ತುಂಬಿ ಗ್ರಾಫ್ ಎಳೆಯಬಹುದೇ?

ನೀವು ಕೇಳಿರುವುದು ಇಷ್ಟು: ದಿನವಹಿ ವಾಯುಮಾಲಿನ್ಯದ ಸಿಎಸ್‌ವಿ ಫೈಲನ್ನು ಆರ್ ಎಂಬ ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆಗೆ ತಂದುಕೊಂಡಿದ್ದೀರಿ. ತಿಂಗಳವಾರು ಸರಾಸರಿ ತೆಗೆದರೆ ಎಲ್ಲ ತಿಂಗಳಿಗೂ ಎನ್‌ಎ (ಅಳತೆ ಇಲ್ಲ ಎಂಬ ಗುರುತು) ಎಂದೇ ಬರುತ್ತಿದೆ. ಗ್ರಾಫಿನಲ್ಲಿ ಮೇಗಿಂತ ಮೊದಲೇ ಆಗಸ್ಟ್ ಬಂದು ಕೂರುತ್ತಿದೆ, ಗೆರೆಯಂತೂ ಮೂಡುತ್ತಲೇ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ‘ಎನ್‌ಎ ಇರುವ ಕಡೆಯೆಲ್ಲ ಸೊನ್ನೆ ಹಾಕಿಬಿಡಿ’ ಎಂದಿದ್ದಾರೆ. ಹಾಕಲೇ?

ಬೇಡ, ದಯವಿಟ್ಟು ಹಾಕಬೇಡಿ. ತಿಂಗಳ ಕ್ರಮ, ಮೂಡದ ಗೆರೆ ಇವೆರಡೂ ಸಣ್ಣ ತೊಂದರೆಗಳು, ಕೊನೆಯಲ್ಲಿ ಹೇಳುತ್ತೇನೆ. ಸೊನ್ನೆಯ ವಿಷಯ ಹಾಗಲ್ಲ. ಅದನ್ನು ತುಂಬಿದರೆ ಗ್ರಾಫ್ ಚೆನ್ನಾಗಿಯೇ ಬರುತ್ತದೆ, ಯಾವ ಎರರ್ರೂ ಬರುವುದಿಲ್ಲ, ಆದರೆ ಅದು ಹೇಳುವುದು ಸುಳ್ಳಾಗಿರುತ್ತದೆ.

ನಿಮ್ಮ ಫೈಲು ನನ್ನ ಮುಂದಿಲ್ಲ. ಆದರೆ ಆರ್ ಜೊತೆಗೇ ಬರುವ ಏರ್‌ಕ್ವಾಲಿಟಿ ಎಂಬ ಟೇಬಲ್‌ನಲ್ಲಿ ನಿಮ್ಮ ತೊಂದರೆಯೇ ಇದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕನ್ಸೋಲ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಾಕು. ಅದರಲ್ಲಿರುವುದು 1973ರ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನ್ಯೂಯಾರ್ಕ್ ನಗರದ ಗಾಳಿಯ ಲೆಕ್ಕ, ಒಟ್ಟು 153 ಸಾಲು. ಓಝೋನ್ ಅಳತೆ ರೂಸ್‌ವೆಲ್ಟ್ ಐಲ್ಯಾಂಡ್‌ನದ್ದು, ಬಿಸಿಲಿನದ್ದು ಸೆಂಟ್ರಲ್ ಪಾರ್ಕ್‌ನದ್ದು, ಗಾಳಿಯ ವೇಗ ಮತ್ತು ಉಷ್ಣಾಂಶ ಲಾಗ್ವಾರ್ಡಿಯಾ ವಿಮಾನ ನಿಲ್ದಾಣದ್ದು. ಮೂರು ಜಾಗದ ಅಳತೆಗಳನ್ನು ಒಂದೇ ಟೇಬಲ್ಲಿಗೆ ಸೇರಿಸಿದ್ದಾರೆ, ಹಾಗಾಗಿ ಒಂದು ಕಾಲಂ ಖಾಲಿ ಇದ್ದ ದಿನ ಇನ್ನೊಂದು ಖಾಲಿ ಇರಬೇಕೆಂದೇನಿಲ್ಲ.

ಓಝೋನ್ ಕಾಲಂನಲ್ಲಿ 37 ದಿನ ಎನ್‌ಎ ಇದೆ. ಐದು ತಿಂಗಳಲ್ಲೂ ಒಂದಲ್ಲ ಒಂದು ದಿನ ಖಾಲಿ ಇರುವುದರಿಂದ ‘ಮೀನ್’ ಫಂಕ್ಷನ್ ಐದಕ್ಕೂ ಎನ್‌ಎ ಕೊಡುತ್ತದೆ. ಇದನ್ನು ಆರ್‌ನ ದೋಷ ಎಂದುಕೊಳ್ಳಬೇಡಿ. ಒಂದು ದಿನದ ಅಳತೆ ಗೊತ್ತಿಲ್ಲದಿದ್ದರೆ ಆ ತಿಂಗಳ ಸರಾಸರಿಯೂ ಗೊತ್ತಿಲ್ಲ ಎಂಬುದು ಅದರ ನಿಲುವು, ನನ್ನ ಪ್ರಕಾರ ಸರಿಯಾದ ನಿಲುವು. ‘ಎನ್‌ಎ.ಆರ್‌ಎಂ = ಟ್ರೂ’ ಎಂದು ಕೊಟ್ಟರೆ ಮಾತ್ರ ಖಾಲಿ ದಿನಗಳನ್ನು ಬದಿಗಿಟ್ಟು ಲೆಕ್ಕ ಹಾಕುತ್ತದೆ. ಆಗ ಮೇ 23.6, ಜೂನ್ 29.4, ಜುಲೈ 59.1, ಆಗಸ್ಟ್ 60.0, ಸೆಪ್ಟೆಂಬರ್ 31.4 ಎಂದು ಬರುತ್ತದೆ.

ಈಗ ಜೂನ್ ಒಂದನ್ನೇ ಹತ್ತಿರದಿಂದ ನೋಡಿ. 30 ದಿನಗಳಲ್ಲಿ ಅಳತೆ ಸಿಕ್ಕಿರುವುದು 9 ದಿನ ಮಾತ್ರ: 29, 71, 39, 23, 21, 37, 20, 12, 13. ಕೂಡಿದರೆ 265. ಒಂಬತ್ತರಿಂದ ಭಾಗಿಸಿದರೆ 29.4. ಉಳಿದ 21 ದಿನಕ್ಕೆ ಸೊನ್ನೆ ತುಂಬಿದರೆ ಅದೇ 265ನ್ನು 30ರಿಂದ ಭಾಗಿಸಿದಂತಾಗುತ್ತದೆ, ಸರಾಸರಿ 8.8ಕ್ಕೆ ಕುಸಿಯುತ್ತದೆ. ಮೇಗೂ ಹೀಗೇ ಮಾಡಿದರೆ 19.8. ಅಲ್ಲಿಗೆ ಜೂನ್‌ನಲ್ಲಿ ಓಝೋನ್ ಅರ್ಧಕ್ಕಿಂತ ಕಡಿಮೆಯಾಯಿತು ಎಂದು ಗ್ರಾಫ್ ಹೇಳುತ್ತದೆ. ಇರುವ ಅಳತೆಗಳು ಹೇಳುವುದು ಏರಿತು ಎಂದು. ಓಝೋನ್ ಸೊನ್ನೆ ಎಂದರೆ ಅಳೆದು ನೋಡಿದೆವು, ಏನೂ ಇರಲಿಲ್ಲ ಎಂದರ್ಥ. ಎನ್‌ಎ ಎಂದರೆ ಅಳತೆಯೇ ಸಿಕ್ಕಿಲ್ಲ. ಮಾಲಿನ್ಯದಂತಹ ವಿಷಯದಲ್ಲಿ ಈ ಎರಡನ್ನು ಬೆರೆಸಿದರೆ ಕೆಟ್ಟ ಗಾಳಿಯ ದಿನಗಳಿಗೆ ಶುದ್ಧ ಗಾಳಿ ಎಂದು ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತದೆ. ಆ ಗಾಳಿಯನ್ನು ಉಸಿರಾಡಿದವರಿದ್ದಾರೆ.

ಹಾಗಂತ 29.4 ಎಂಬುದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ‘ಎನ್‌ಎ.ಆರ್‌ಎಂ’ ಹಾಕಿದ ಮೇಲೆ ನಾವು ಒಪ್ಪಿಕೊಂಡಿರುವುದು, ಅಳೆಯದ ದಿನಗಳೂ ಅಳೆದ ದಿನಗಳಂತೆಯೇ ಇದ್ದವು ಎಂದು. ಜೂನ್ 21ರಿಂದ 30ರವರೆಗೆ ಹತ್ತು ದಿನ ಒಂದೇ ಸಮನೆ ಖಾಲಿ ಇರುವಾಗ ಅದನ್ನು ಹೇಗೆ ಒಪ್ಪುವುದು? ಅದಕ್ಕೇ ನಾನು ಸರಾಸರಿ ತೆಗೆಯುವಾಗ ಎಷ್ಟು ದಿನದ ಅಳತೆಯಿಂದ ಬಂದದ್ದು ಎಂಬುದನ್ನೂ ಪಕ್ಕದ ಕಾಲಂನಲ್ಲಿ ಇಡುತ್ತೇನೆ. ಟೇಬಲ್ ಲೆಕ್ಕಗಳಿಗೆ ಬಳಸುವ ಡಿಪ್ಲೈಯರ್ ಪ್ಯಾಕೇಜಿನಲ್ಲಾದರೆ ತಿಂಗಳ ಮೇಲೆ ‘ಗ್ರೂಪ್_ಬೈ’ ಮಾಡಿ, ‘ಸಮರೈಸ್’ ಒಳಗೆ ಸರಾಸರಿಯ ಜೊತೆಗೇ ಎನ್‌ಎ ಅಲ್ಲದ ಸಾಲುಗಳ ಎಣಿಕೆಯನ್ನೂ ಕೇಳಿ. ಮೇ 26, ಜೂನ್ 9, ಜುಲೈ 26, ಆಗಸ್ಟ್ 26, ಸೆಪ್ಟೆಂಬರ್ 29 ಎಂದು ಬರುತ್ತದೆ. ಆ ಸಂಖ್ಯೆಗಳನ್ನು ಗ್ರಾಫ್ ಎಳೆಯುವ ಜಿಜಿಪ್ಲಾಟ್2 ಪ್ಯಾಕೇಜಿನ ‘ಜಿಯೋಮ್_ಟೆಕ್ಸ್ಟ್’ ಬಳಸಿ ಗ್ರಾಫಿನ ಚುಕ್ಕಿಗಳ ಮೇಲೇ ಬರೆಯಿರಿ. ಜೂನ್ ಚುಕ್ಕಿಯ ಮೇಲೆ 9 ಎಂದು ಕಂಡವರು ಅದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾರೆ.

ಇನ್ನೊಂದು ಸಲಹೆಯನ್ನೂ ಯಾರಾದರೂ ಕೊಟ್ಟೇ ಕೊಡುತ್ತಾರೆ: ‘ಎನ್‌ಎ.ಓಮಿಟ್’ ಹಾಕಿ ಖಾಲಿ ಸಾಲುಗಳನ್ನೆಲ್ಲ ತೆಗೆದುಬಿಡಿ ಎಂದು. ಇದರಿಂದ ಎರಡು ತೊಂದರೆ. ಅದು ಯಾವುದೇ ಕಾಲಂನಲ್ಲಿ ಎನ್‌ಎ ಇದ್ದರೂ ಇಡೀ ಸಾಲನ್ನೇ ತೆಗೆಯುತ್ತದೆ. ಇಲ್ಲಿ ಬಿಸಿಲಿನ ಕಾಲಂನಲ್ಲೂ 7 ಎನ್‌ಎ ಇರುವುದರಿಂದ 116 ಸಾಲು ಉಳಿಯಬೇಕಾದಲ್ಲಿ 111 ಉಳಿಯುತ್ತವೆ. ಆಗಸ್ಟ್ 4, 5, 6ರ ಓಝೋನ್ ಅಳತೆ ಸರಿಯಾಗಿಯೇ ಇದ್ದರೂ ಸೆಂಟ್ರಲ್ ಪಾರ್ಕಿನ ಬಿಸಿಲು ದಾಖಲಾಗಿಲ್ಲ ಎಂಬ ಕಾರಣಕ್ಕೆ ಹೋಗಿಬಿಡುತ್ತದೆ. ಎರಡನೆಯದು, ಆಮೇಲೆ ದಿನವಹಿ ಗೆರೆ ಎಳೆದರೆ ಜೂನ್ 20ರ 13ರಿಂದ ಜುಲೈ 1ರ 135ಕ್ಕೆ ಒಂದು ನೇರ ಗೆರೆ ಹೋಗುತ್ತದೆ. ನಡುವಿನ ಹತ್ತು ದಿನ ಓಝೋನ್ ಒಂದೇ ಸಮನೆ ಏರುತ್ತಾ ಹೋಯಿತು ಎಂದು ನೋಡಿದವರು ತಿಳಿಯುತ್ತಾರೆ. ಎನ್‌ಎ ಸಾಲುಗಳನ್ನು ಹಾಗೇ ಬಿಟ್ಟರೆ ಜಿಜಿಪ್ಲಾಟ್2 ಅಲ್ಲಿ ಗೆರೆ ಕಡಿದು ಜಾಗ ಬಿಡುತ್ತದೆ. ಅದು ಇರಲಿ, ಮುಚ್ಚಲು ಹೋಗಬೇಡಿ. ಒಂದೆರಡು ದಿನದ ಬಿರುಕನ್ನು ಅಕ್ಕಪಕ್ಕದ ಅಳತೆಗಳಿಂದ ಅಂದಾಜಿಸಿ ತುಂಬಲೇಬೇಕೆಂದರೆ ಝೂ ಪ್ಯಾಕೇಜಿನ ‘ಎನ್‌ಎ.ಅಪ್ರಾಕ್ಸ್’ ಇದೆ. ಅದರಲ್ಲಿ ‘ಮ್ಯಾಕ್ಸ್‌ಗ್ಯಾಪ್ = 2’ ಎಂದು ಕೊಟ್ಟರೆ ಅದಕ್ಕಿಂತ ಉದ್ದದ ಬಿರುಕನ್ನು ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ: ಬೇಸ್ ಆರ್‌ನ (ಬೇರೆ ಪ್ಯಾಕೇಜ್ ಸೇರಿಸದ ಮೂಲ ಆರ್‌ನ) ‘ಅಗ್ರಿಗೇಟ್’ಗೆ ಫಾರ್ಮುಲಾ ಕೊಟ್ಟರೆ ಅದು ಎನ್‌ಎ ಸಾಲುಗಳನ್ನು ನಿಮಗೆ ತಿಳಿಸದೆಯೇ ಬಿಟ್ಟು ಲೆಕ್ಕ ಹಾಕುತ್ತದೆ. ಎಣಿಕೆಯ ಕಾಲಂ ಅಲ್ಲೂ ಬೇಕು.

ಇನ್ನು ನಿಮ್ಮ ಫೈಲು. ಮೊದಲು ‘ಎಸ್‌ಟಿಆರ್’ ಹಾಕಿ ಪ್ರತಿ ಕಾಲಂ ಯಾವ ಬಗೆಯದ್ದು ಎಂದು ನೋಡಿ. ಅಳತೆಯ ಕಾಲಂ ನಂಬರ್ ಆಗಿರದೆ ಕ್ಯಾರೆಕ್ಟರ್ ಆಗಿದ್ದರೆ ಒಳಗೆಲ್ಲೋ ಅಡ್ಡಗೆರೆಯೋ ಅಕ್ಷರವೋ ಸೇರಿಕೊಂಡಿದೆ. ಫೈಲ್ ಓದುವಾಗಲೇ ‘ಎನ್‌ಎ.ಸ್ಟ್ರಿಂಗ್ಸ್’ನಲ್ಲಿ ಅದನ್ನು ತಿಳಿಸಿ. ತಾರೀಕು 05/06/2023 ಎಂಬಂತೆ ದಿನ ಮೊದಲು ಬರುವ ರೂಪದಲ್ಲಿದ್ದರೆ ‘ಆ್ಯಸ್.ಡೇಟ್’ಗೆ ಫಾರ್ಮ್ಯಾಟ್ ಕೊಡಲೇಬೇಕು. ಕೊಡದಿದ್ದರೆ ಆರ್ ಅದನ್ನು ಕ್ರಿಸ್ತಶಕ 5ನೇ ವರ್ಷದ ಜೂನ್ 20 ಎಂದು ಓದಿಕೊಳ್ಳುತ್ತದೆ, ಎರರ್ ಕೂಡ ಕೊಡುವುದಿಲ್ಲ.

ತಿಂಗಳುಗಳು ಅಕ್ಷರಮಾಲೆಯ ಕ್ರಮದಲ್ಲಿ ಕೂರುವುದು ಅವು ಬರೀ ಅಕ್ಷರಗಳಾಗಿರುವುದರಿಂದ. ಅದನ್ನು ಫ್ಯಾಕ್ಟರ್ (ಕ್ರಮ ಗೊತ್ತುಮಾಡಿದ ವರ್ಗಗಳ ಕಾಲಂ) ಮಾಡಿ, ‘ಲೆವೆಲ್ಸ್’ಗೆ ಆರ್‌ನಲ್ಲಿ ಸಿದ್ಧವಾಗಿರುವ ‘ಮಂತ್.ಎಬಿಬಿ’ ಕೊಡಿ, ಜನವರಿಯಿಂದ ಡಿಸೆಂಬರ್‌ವರೆಗಿನ ಮೂರಕ್ಷರದ ಇಂಗ್ಲಿಷ್ ಹೆಸರುಗಳು ಅದರಲ್ಲಿ ಸರಿಯಾದ ಸಾಲಿನಲ್ಲಿವೆ. ಪೂರ್ತಿ ಹೆಸರಿದ್ದರೆ ‘ಮಂತ್.ನೇಮ್’. ಗೆರೆ ಮೂಡದಿರುವುದಕ್ಕೆ ಕಾರಣ, ಅಡ್ಡ ಅಕ್ಷದಲ್ಲಿ ಅಕ್ಷರವೋ ಫ್ಯಾಕ್ಟರೋ ಇದ್ದಾಗ ಜಿಜಿಪ್ಲಾಟ್2 ಒಂದೊಂದು ತಿಂಗಳನ್ನೂ ಬೇರೆ ಬೇರೆ ಗುಂಪು ಎಂದು ಎಣಿಸುವುದು. ಗುಂಪಿಗೊಂದೇ ಚುಕ್ಕಿ ಇದ್ದರೆ ಯಾವುದರಿಂದ ಯಾವುದಕ್ಕೆ ಗೆರೆ ಎಳೆಯುವುದು? ಯಾವ ಕಾಲಂ ಯಾವ ಅಕ್ಷಕ್ಕೆ ಎಂದು ಬರೆಯುವ ‘ಎಇಎಸ್’ ಒಳಗೆ ‘ಗ್ರೂಪ್ = 1’ ಸೇರಿಸಿ, ಗೆರೆ ಬರುತ್ತದೆ.

ನಿಮ್ಮ ಫೈಲಿನಲ್ಲಿ ತಿಂಗಳವಾರು ಎಷ್ಟೆಷ್ಟು ದಿನದ ಅಳತೆ ಇದೆ ಎಂದು ಎಣಿಸಿ ಕಾಮೆಂಟಿನಲ್ಲಿ ಹಾಕಿ. ಯಾವ ತಿಂಗಳನ್ನು ಗ್ರಾಫಿನಲ್ಲಿ ಇಟ್ಟುಕೊಳ್ಳಬಹುದು, ಯಾವುದನ್ನು ಬಿಡುವುದು ಮೇಲು ಎಂದು ಒಟ್ಟಿಗೆ ನೋಡೋಣ.