ಆನ್‌ಲೈನ್ ಆಟಕ್ಕೆ ಕೊಡಗಿನಂತಹ ನಕ್ಷೆ ತಯಾರಿಸುವ ಟೂಲ್: ಮೊದಲು ಹೊಳೆ, ಆಮೇಲೆ ಗುಡ್ಡ

ನೆಲದ ಏರಿಳಿತವನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಹುಟ್ಟಿಸುವ ಪರ್ಲಿನ್ ನಾಯ್ಸ್ ಬಳಸಿದರೆ ಗುಡ್ಡಗಳೆಲ್ಲ ಒಂದೇ ತರಹ ಕಾಣುತ್ತವೆ, ಹೊಳೆಗಳು ನಡುದಾರಿಯಲ್ಲೇ ನಿಂತುಬಿಡುತ್ತವೆ, ಎಲ್ಲ ಆಟಗಾರರಿಗೂ ಒಂದೇ ನಕ್ಷೆ ತಲುಪಿಸುವುದು ಹೇಗೆ ಎಂದು ನೀವು ಕೇಳಿದ್ದೀರಿ. ಕೊಡಗಿನಂತಹ ನೆಲವೇ ಬೇಕೆಂದೂ ಬರೆದಿದ್ದೀರಿ. ನಾನು ಮಡಿಕೇರಿಯಲ್ಲಿದ್ದುಕೊಂಡು ಇಂಥದ್ದೇ ಒಂದು ಸಣ್ಣ ಟೂಲ್ ಬರೆದು ಬಳಸುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲೆರಡು ತೊಂದರೆಗಳ ಬೇರು ಒಂದೇ. ಕೆನ್ ಪರ್ಲಿನ್ ಅವರು 1985ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಒಂದು ಬಿಂದುವಿನ ಎತ್ತರವು ಅದು ಬೀಳುವ ಚೌಕದ ನಾಲ್ಕು ಮೂಲೆಗಳ ಲೆಕ್ಕದಿಂದ ಮಾತ್ರ ಬರುತ್ತದೆಯೇ ಹೊರತು, ಆಚೆಯ ಗುಡ್ಡದಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಹೊಳೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ನಮ್ಮ ಪಶ್ಚಿಮದ ಬೆಟ್ಟಸಾಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಯನ್ನೂ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬಾರಾಪೊಳೆಯಂತಹ ಹೊಳೆಗಳ ಮೂಲಕ ಅರಬ್ಬೀ ಸಮುದ್ರವನ್ನೂ ಸೇರುವುದು ಇಡೀ ನೆಲದ ಏರಿಳಿತದಿಂದ ತೀರ್ಮಾನವಾಗುವ ಸಂಗತಿ. ಆದ್ದರಿಂದ ಒರಟು ನಕ್ಷೆಯೊಂದರ ಮೇಲೆ ಮೊದಲು ನೀರಿನ ದಾರಿಯನ್ನು ನಿರ್ಧರಿಸಿ, ಗುಡ್ಡದ ಸೂಕ್ಷ್ಮ ವಿವರಗಳನ್ನು ನಾಯ್ಸ್‌ನಿಂದ ಕೊನೆಯಲ್ಲಿ ಸೇರಿಸಿ.

ಒರಟು ನಕ್ಷೆಗೆ ನಿಜವಾದ ನೆಲವನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು. 2000ದ ಫೆಬ್ರುವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ನೆಲದ ಎತ್ತರವನ್ನು ಅಳೆದ ಎಸ್‌ಆರ್‌ಟಿಎಂ ಮಾಹಿತಿ ಉಚಿತವಾಗಿ ಸಿಗುತ್ತದೆ. ಸುಮಾರು 30 ಮೀಟರಿಗೊಂದು ಬಿಂದುವಿನಂತೆ ಒಂದು ಡಿಗ್ರಿಯ ಚೌಕದಲ್ಲಿ 3601 ಸಾಲು, ಸಾಲಿಗೆ 3601 ಸಂಖ್ಯೆಗಳಿರುತ್ತವೆ. ಉತ್ತರ 12, ಪೂರ್ವ 75 ಡಿಗ್ರಿಯಿಂದ ಶುರುವಾಗುವ ಒಂದೇ ಕಡತದಲ್ಲಿ ತಲಕಾವೇರಿ, ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಎಲ್ಲವೂ ಬರುತ್ತವೆ. ಕುಟ್ಟದ ಮೂಲೆ ಮಾತ್ರ ಹೊರಗುಳಿಯುತ್ತದೆ. ಆದರೆ ಒಂದು ವಿಷಯ ಗಮನದಲ್ಲಿರಲಿ: ದಟ್ಟ ಮರಗಳಿರುವಲ್ಲಿ ರಾಡಾರ್ ನೆಲದ ಬದಲು ಮರಗಳ ನೆತ್ತಿಯ ಹತ್ತಿರದ ಎತ್ತರವನ್ನೇ ಹೇಳುತ್ತದೆ. ಕಾಡು ಮತ್ತು ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳೇ ತುಂಬಿರುವ ನಮ್ಮಲ್ಲಿ ಇದರಿಂದಾಗಿ ಕಿರಿದಾದ ತೋಡುಗಳಿಗೆ ಅಡ್ಡಲಾಗಿ ಇಲ್ಲದ ಕಟ್ಟೆಗಳು ಎದ್ದು ನಿಲ್ಲುತ್ತವೆ.

ಈ ಕಟ್ಟೆಗಳನ್ನು ದಾಟಿಸಲು ಪ್ರಯಾರಿಟಿ ಕ್ಯೂ, ಅಂದರೆ ಹಾಕಿದವುಗಳಲ್ಲಿ ಅತಿ ಚಿಕ್ಕದನ್ನೇ ಮೊದಲು ಹೊರಕೊಡುವ ಸಾಲು, ಸಾಕು. ನಕ್ಷೆಯ ಒಂದೊಂದು ಬಿಂದುವನ್ನೂ ಒಂದು ಚೌಕ ಎಂದುಕೊಂಡು, ಅಂಚಿನ ಚೌಕಗಳನ್ನೆಲ್ಲ ಅದಕ್ಕೆ ಹಾಕಿ, ಪ್ರತಿ ಸಲವೂ ಅತಿ ತಗ್ಗಿನಲ್ಲಿರುವುದನ್ನು ಹೊರತೆಗೆದು, ಇನ್ನೂ ಮುಟ್ಟದ ಅದರ ನೆರೆಯ ಚೌಕಗಳನ್ನು ಸೇರಿಸುತ್ತ ಒಳಮುಖವಾಗಿ ಬನ್ನಿ. ಯಾವ ಚೌಕವನ್ನು ಯಾವುದರ ಮೂಲಕ ತಲುಪಿದಿರಿ ಎಂದು ಬರೆದಿಟ್ಟುಕೊಂಡರೆ ಅದೇ ನೀರು ಹೊರಗೆ ಹರಿದುಹೋಗುವ ದಾರಿ. ಉದಾಹರಣೆಗೆ, 902 ಮೀಟರಿನ ಗುಂಡಿಯಿಂದ ಹೊರಬರುವ ದಾರಿಯಲ್ಲಿ 905ರ ಚೌಕವೂ, ಅದರಾಚೆ 899ರ ಚೌಕವೂ ಇದೆ ಎನ್ನಿ. ಗುಂಡಿಯನ್ನೇ 905ಕ್ಕೆ ತುಂಬಿಸುವುದು ರೂಢಿಯಲ್ಲಿರುವ ಕ್ರಮ, ಆದರೆ ಹಾಗೆ ಮಾಡಿದರೆ ಕಣಿವೆಗಳೆಲ್ಲ ಕೆರೆಗಳಾಗುತ್ತವೆ. 905ನ್ನು 901ಕ್ಕೆ ಕೊರೆದುಬಿಡುವುದೇ ನನ್ನ ಆಯ್ಕೆ, ಏಕೆಂದರೆ ಗುಡ್ಡಗಾಡಿನಲ್ಲಿ ನೀರು ಮಾಡುವ ಕೆಲಸವೂ ಅದೇ.

ಬಳಿಕ ಕ್ಯೂನಿಂದ ಹೊರಬಂದ ಕ್ರಮವನ್ನು ಹಿಂದುಮುಂದಾಗಿಸಿ, ಪ್ರತಿ ಚೌಕವೂ ತನ್ನ ಪಾಲಿನ ಮಳೆಯನ್ನು ಕೆಳಗಿನದಕ್ಕೆ ದಾಟಿಸುವಂತೆ ಮಾಡಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವುದರಿಂದ ಪಶ್ಚಿಮದ ಚೌಕಗಳಿಗೆ ಹೆಚ್ಚು ಮಳೆಯ ಪಾಲು ಕೊಡಿ. ಒಟ್ಟುಗೂಡಿದ ನೀರು ಒಂದು ಮಿತಿಯನ್ನು ಮೀರಿದ ಚೌಕಗಳೇ ಹೊಳೆ. ಅಗಲಕ್ಕೆ ಆ ಮೊತ್ತದ ವರ್ಗಮೂಲವನ್ನು ಆಧಾರವಾಗಿಟ್ಟುಕೊಂಡರೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಈಗ ನಾಯ್ಸ್ ಸೇರಿಸಿ, ಆದರೆ ಹೊಳೆಯ ಹತ್ತಿರ ಬಂದಂತೆ ಅದರ ಪ್ರಮಾಣ ಸೊನ್ನೆಗಿಳಿಯಬೇಕು.

ಗಿಡಮರಗಳಿಗೆ ಬೇರೆ ನಾಯ್ಸ್ ಬೇಕಿಲ್ಲ, ಇಳಿಜಾರು ಮತ್ತು ನೀರಿನ ಲೆಕ್ಕವೇ ಸಾಕು. ಹೊಳೆಯ ಬದಿಯ ಸಮತಟ್ಟು ತಳದಲ್ಲಿ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ಕಾಫಿ ತೋಟ, 1748 ಮೀಟರಿನ ತಡಿಯಂಡಮೋಳ್‌ನಂತಹ ಎತ್ತರಗಳಲ್ಲಿ ಹುಲ್ಲುಗಾವಲು, ಆ ಹುಲ್ಲಿನ ನಡುವೆ ನೀರು ಕೂಡುವ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ನಡುನಡುವೆ ಒಂದೊಂದು ದೇವರಕಾಡನ್ನೂ ಇಟ್ಟರೆ ಆಟಗಾರರು ಮರ ಕಡಿಯಲಾಗದ ಜಾಗಗಳು ತಾವಾಗಿಯೇ ಸಿಗುತ್ತವೆ!

ಇನ್ನು ಎಲ್ಲರಿಗೂ ಒಂದೇ ನಕ್ಷೆ ತಲುಪಿಸುವ ಮಾತು. ಯಾದೃಚ್ಛಿಕ ಸಂಖ್ಯೆಗಳ ಸಾಲು ಶುರುವಾಗುವ ಸೀಡ್ ಸಂಖ್ಯೆಯನ್ನಷ್ಟೇ ಕಳಿಸಿ ಪ್ರತಿ ಬ್ರೌಸರ್‌ನಲ್ಲೂ ನಕ್ಷೆಯನ್ನು ಹೊಸದಾಗಿ ಹುಟ್ಟಿಸುವುದು ಆಕರ್ಷಕವಾಗಿ ಕಂಡರೂ, ಜಾವಾಸ್ಕ್ರಿಪ್ಟ್‌ನ ಮ್ಯಾಥ್.ರ‍್ಯಾಂಡಮ್‌ಗೆ ಸೀಡ್ ಕೊಡಲು ಬರುವುದಿಲ್ಲ. ಬೇರೆ ಜನರೇಟರ್ ಬರೆದುಕೊಂಡರೂ ಸೈನ್, ಕೊಸೈನ್‌ಗಳ ಕೊನೆಯ ಅಂಕಿ ಬ್ರೌಸರಿನಿಂದ ಬ್ರೌಸರಿಗೆ ಬದಲಾಗಬಹುದು, ಅಷ್ಟರಿಂದಲೇ ಹೊಳೆ ಪಕ್ಕದ ಕಣಿವೆಗೆ ಹೊರಳಿಬಿಡಬಹುದು. ಆದ್ದರಿಂದ ಎತ್ತರಗಳನ್ನು ಪೂರ್ಣಾಂಕಗಳಲ್ಲೇ ಇಡಿ, ಸಮಾನ ಎತ್ತರದ ಚೌಕಗಳು ಬಂದಾಗ ಚೌಕದ ಕ್ರಮಸಂಖ್ಯೆ ನೋಡಿ ತೀರ್ಮಾನಿಸಿ, ಸಾಧ್ಯವಾದರೆ ಸರ್ವರ್‌ನಲ್ಲಿ ಒಮ್ಮೆ ತಯಾರಿಸಿದ ಕಡತವನ್ನೇ ಎಲ್ಲರಿಗೂ ಕಳಿಸಿ. 2048 ಚೌಕ ಉದ್ದ, ಅಷ್ಟೇ ಅಗಲದ ನಕ್ಷೆಗೆ ಎತ್ತರವೊಂದಕ್ಕೆ 16 ಬಿಟ್‌ನಂತೆ 8 ಎಂಬಿ ಬೇಕಾಗುತ್ತದೆ. ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. 8 ಬಿಟ್‌ಗೆ ಇಳಿಸುವ ಆಸೆ ಬೇಡ. ಅಲ್ಲಿರುವುದು 256 ಮಟ್ಟಗಳು ಮಾತ್ರವಾದ್ದರಿಂದ ತಡಿಯಂಡಮೋಳ್‌ನ ಎತ್ತರದವರೆಗೆ ಹಂಚಿದಾಗ ಒಂದೊಂದು ಮೆಟ್ಟಿಲೂ ಸುಮಾರು 7 ಮೀಟರ್ ಆಗುತ್ತದೆ. 16 ಬಿಟ್‌ನ ಪಿಎನ್‌ಜಿ ಚಿತ್ರವನ್ನು ಕಳಿಸಿದರೂ ಬ್ರೌಸರಿನ ಸಾಮಾನ್ಯ ಕ್ಯಾನ್ವಾಸ್ ಅದನ್ನು 8 ಬಿಟ್ ಮಾಡಿಯೇ ಓದಿಕೊಡುವುದರಿಂದ, ಎತ್ತರಗಳನ್ನು ಚಿತ್ರವಾಗಿಸದೆ ನೇರವಾಗಿ ಬೈನರಿ ಕಡತವಾಗಿ ಕಳಿಸಿ.